ಗೃಹಾರೋಗ್ಯ ವಿಚಾರ: ಗರ್ಭಕೋಶದ ಗಡ್ಡೆಯೂ ಸಂತಾನಭಾಗ್ಯವೂ

ಮನೆಯವರೊಡನೆ ಬಾಯಿಬಿಟ್ಟು ಹೇಳಲು ಸಂಕೋಚಪಡುವ ಕಾಯಿಲೆಗಳು ಕೆಲವುಂಟು. ಜ್ವರ ಬಂದರೆ ಬೀದಿಗೆಲ್ಲ ತಿಳಿಯುತ್ತದೆ. ಹಲ್ಲುನೋವು ಬಂದರೆ ನೆರೆಮನೆಯಾಕೆ ಲವಂಗ ತಂದುಕೊಡುತ್ತಾಳೆ. ಆದರೆ ತಿಂಗಳ ಮುಟ್ಟು ಎಂಟು ಹತ್ತು ದಿವಸವಾದರೂ ನಿಲ್ಲದೆ ಹರಿಯುತ್ತಿದ್ದರೆ ಅದನ್ನು ಹೆತ್ತ ತಾಯಿಗೆ ಹೇಳುವುದಕ್ಕೂ ಹೆಣ್ಣುಮಗಳು ಹಿಂಜರಿಯುತ್ತಾಳೆ. ‘ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಸಹಿಸಿಕೊಂಡು, ಮುಖ ಬಿಳಚಿ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವವರೆಗೂ ಮನೆಗೆಲಸ ನಡೆಸಿಕೊಂಡು ಹೋಗುತ್ತಾಳೆ. ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಡಿಲು ತುಂಬದಿದ್ದಾಗ ಮಾತ್ರ ಮನೆಯವರು ಎಚ್ಚತ್ತು ಆಕೆಯನ್ನು ಡಾಕ್ಟರರ ಬಳಿಗೆ ಕರೆದೊಯ್ಯುತ್ತಾರೆ. ಸ್ಕ್ಯಾನು ತೆಗೆದು ನೋಡಿದಾಗ ಗರ್ಭಕೋಶದಲ್ಲಿ ಒಂದು ಗಡ್ಡೆ ಇದೆಯೆಂದು ತಿಳಿದುಬರುತ್ತದೆ.

ಆ ಒಂದು ಮಾತಿನಿಂದ ಮನೆಯಲ್ಲಿ ಏಳುವ ಕಳವಳ ಅಷ್ಟಿಷ್ಟಲ್ಲ. ‘ಅಯ್ಯೋ, ಕ್ಯಾನ್ಸರೇ ಇರಬೇಕು’ ಎಂದು ಒಬ್ಬರು ಕಣ್ಣೀರಿಡುತ್ತಾರೆ. ‘ಇನ್ನು ಈಕೆಗೆ ಮಕ್ಕಳಾಗವು’ ಎಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ‘ಗರ್ಭಕೋಶವನ್ನೇ ತೆಗೆಸಿಬಿಡಿ, ಪೀಡೆ ತೊಲಗಲಿ’ ಎಂದು ಮತ್ತೊಬ್ಬರು ಬುದ್ಧಿ ಹೇಳುತ್ತಾರೆ. ಈ ಮೂರು ಮಾತುಗಳೂ ಬಹುಮಟ್ಟಿಗೆ ತಪ್ಪು. ಇವುಗಳಲ್ಲಿ ಮೂರನೆಯದಂತೂ, ಒಮ್ಮೆ ನಡೆದುಹೋದರೆ ತಿದ್ದಲಾಗದ ತಪ್ಪು. ಆದುದರಿಂದ ಈ ತಿಂಗಳು ಈ ಗಡ್ಡೆಯ ವಿಷಯವನ್ನು ವಾಚಕರ ಮುಂದೆ ಬಿಡಿಸಿ ಹೇಳಬೇಕೆಂದು ನಾವು ಸಂಕಲ್ಪಿಸಿದ್ದೇವೆ. ಇದು ಹೆಂಗಸರು ಮಾತ್ರ ಓದಿ ಮಡಿಸಿಡತಕ್ಕ ಬರಹವಲ್ಲ. ಮನೆಯ ಗಂಡಸರೂ ಹಿರಿಯರೂ ಓದಬೇಕಾದುದು.

ಗಡ್ಡೆಯೆಂದರೇನು?

ಬಸುರಿಯಲ್ಲದ ಹೆಂಗಸಿನ ಗರ್ಭಕೋಶವು ಸುಮಾರು ಮೂರು ಅಂಗುಲ ಉದ್ದ, ಎರಡು ಅಂಗುಲ ಅಗಲವಿರುವ ಒಂದು ಚಿಕ್ಕ ಚೀಲ. ಅದರ ಗೋಡೆ ದಪ್ಪವಾದ ಮಾಂಸಖಂಡದಿಂದಾದದ್ದು. ಒಳಗಡೆ ಮೃದುವಾದ ಒಂದು ಪೊರೆ ಇರುತ್ತದೆ. ತಿಂಗಳು ತಿಂಗಳೂ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಬೀಳುವುದು ಈ ಪೊರೆಯೇ. ಗೋಡೆಯ ಮಾಂಸಖಂಡದಲ್ಲಿರುವ ಒಂದು ಜೀವಕೋಶವು ಕೆಲವು ಸಲ ತನ್ನಷ್ಟಕ್ಕೆ ತಾನೇ ವೃದ್ಧಿಯಾಗುತ್ತ ಹೋಗಿ, ದಾರದ ಉಂಡೆಯಂತೆ ಸುತ್ತಿಕೊಂಡು ಗಟ್ಟಿಯಾದ ಗಂಟಾಗುತ್ತದೆ. ಇದನ್ನೇ ಡಾಕ್ಟರರು ಫೈಬ್ರಾಯ್ಡ್ ಎನ್ನುತ್ತಾರೆ. ಕನ್ನಡದಲ್ಲಿ ನಾರುಗಡ್ಡೆ ಎನ್ನಬಹುದು. ಅದು ಸಾಸಿವೆ ಕಾಳಿನಷ್ಟಿರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ಒಂದೇ ಇರಬಹುದು, ಹತ್ತಾರು ಇರಬಹುದು.

ಹೆಣ್ಣಿನ ದೇಹದಲ್ಲಿ ಹುಟ್ಟುವ ಈಸ್ಟ್ರೊಜೆನ್, ಪ್ರೊಜೆಸ್ಟೆರೋನ್ ಎಂಬ ಎರಡು ರಸಗಳು ಇದಕ್ಕೆ ಗೊಬ್ಬರವಿದ್ದಂತೆ. ಆದುದರಿಂದಲೇ ಮೈನೆರೆಯುವುದಕ್ಕೆ ಮುಂಚೆ ಈ ಗಡ್ಡೆ ಕಾಣಿಸುವುದಿಲ್ಲ; ಮುಟ್ಟು ನಿಂತಮೇಲೆ ಸಾಮಾನ್ಯವಾಗಿ ತಾನೇ ಸೊರಗುತ್ತದೆ. ತಾಯಿಗೋ ಅಕ್ಕನಿಗೋ ಇದ್ದರೆ ಬರುವ ಸಂಭವ ಹೆಚ್ಚು. ಚಿಕ್ಕ ವಯಸ್ಸಿಗೇ ಮೈನೆರೆದವರಲ್ಲಿಯೂ, ಸ್ಥೂಲಕಾಯರಲ್ಲಿಯೂ ಹೆಚ್ಚಾಗಿ ಕಾಣುತ್ತದೆ. ಮಕ್ಕಳನ್ನು ಹೆತ್ತವರಲ್ಲಿ ಕಡಿಮೆ. ಹೆಂಗಸು ಭಾರ ಎತ್ತಿದುದರಿಂದಾಗಲಿ, ಉಷ್ಣದ ಪದಾರ್ಥ ತಿಂದುದರಿಂದಾಗಲಿ, ಯಾರ ದೃಷ್ಟಿಯಿಂದಾಗಲಿ ಇದು ಬರುವುದಿಲ್ಲ.

ಇನ್ನು ಕ್ಯಾನ್ಸರಿನ ಮಾತು. ನಾರುಗಡ್ಡೆಯು ಕ್ಯಾನ್ಸರಲ್ಲ. ಅದು ತನ್ನ ಜಾಗ ಬಿಟ್ಟು ಬೇರೆ ಅಂಗಗಳಿಗೆ ಹರಡುವುದಿಲ್ಲ. ನಾರುಗಡ್ಡೆಯೆಂದು ಭಾವಿಸಿ ತೆಗೆದುದು ಪರೀಕ್ಷೆಯಲ್ಲಿ ಕ್ಯಾನ್ಸರೆಂದು ತಿಳಿದುಬರುವುದು ಸಾವಿರಕ್ಕೆ ಕೆಲವರಲ್ಲಿ ಮಾತ್ರ. ಅಂಥವರು ಸಾಮಾನ್ಯವಾಗಿ ವಯಸ್ಸಾದವರಾಗಿರುತ್ತಾರೆ. ಮುಟ್ಟು ನಿಂತಮೇಲೂ ಗಡ್ಡೆ ಬೆಳೆಯುತ್ತಿದ್ದರೆ, ಇಲ್ಲವೆ ಆಗ ಮತ್ತೆ ರಕ್ತ ಕಾಣಿಸಿಕೊಂಡರೆ ಮಾತ್ರ ತಡಮಾಡದೆ ತೋರಿಸಬೇಕು. ಉಳಿದಂತೆ ಇದು ಎಷ್ಟು ಸಾಮಾನ್ಯವೆಂಬುದನ್ನು ತಿಳಿದರೆ ಅರ್ಧ ಭಯ ಹೋದೀತು. ಅಮೆರಿಕದಲ್ಲಿ ೨೦೦೩ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಐವತ್ತು ವಯಸ್ಸಿನೊಳಗಾಗಿ ಬಿಳಿಯ ಹೆಂಗಸರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿಗೂ ಕರಿಯ ಹೆಂಗಸರಲ್ಲಿ ಎಂಬತ್ತಕ್ಕೂ ಮಿಕ್ಕ ಮಂದಿಗೂ ಇಂಥ ಗಡ್ಡೆಗಳಿರುತ್ತವೆ. ಇವರಲ್ಲಿ ಅನೇಕರಿಗೆ ಅದರ ಸುಳಿವೇ ಇರುವುದಿಲ್ಲ. ಗಡ್ಡೆಯನ್ನು ಹೊತ್ತುಕೊಂಡೇ ಮಕ್ಕಳನ್ನು ಹೆತ್ತು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ ಇದ್ದಾರು.

ಗಾತ್ರಕ್ಕಿಂತ ಜಾಗ ಮುಖ್ಯ

ಹಾಗಾದರೆ ಇದರಿಂದ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲವೆ ಎಂದರೆ, ಕೆಲವರಿಗೆ ಉಂಟು, ಅನೇಕರಿಗೆ ಇಲ್ಲ. ಅದನ್ನು ನಿರ್ಣಯಿಸುವುದು ಮುಖ್ಯವಾಗಿ ಗಡ್ಡೆಯ ಗಾತ್ರವಲ್ಲ, ಅದು ಕುಳಿತಿರುವ ಜಾಗ. ಈ ಬರಹದಲ್ಲಿ ವಾಚಕರು ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ.

ಗರ್ಭಕೋಶವನ್ನು ಒಂದು ಕೋಣೆಯೆಂದು ಭಾವಿಸಿರಿ. ಗಡ್ಡೆಯು ಗೋಡೆಯ ಹೊರಮೈಯಲ್ಲಿ ಬೆಳೆದು ಹೊಟ್ಟೆಯ ಕಡೆಗೆ ಉಬ್ಬಿರಬಹುದು. ಗೋಡೆಯ ನಡುವೆ ಹುದುಗಿರಬಹುದು. ಒಳಪೊರೆಯ ಕೆಳಗಿನಿಂದ ಎದ್ದು ಕೋಣೆಯೊಳಕ್ಕೆ ಚಾಚಿರಬಹುದು. ಹೊರಮೈಯ ಗಡ್ಡೆ ಎಷ್ಟು ದೊಡ್ಡದಾಗಿದ್ದರೂ ಗರ್ಭ ನಿಲ್ಲುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಅದು ಮೂತ್ರಚೀಲವನ್ನು ಒತ್ತಿ ಪದೇಪದೇ ಮೂತ್ರಕ್ಕೆ ಹೋಗುವಂತೆ ಮಾಡೀತು, ಮಲಬದ್ಧತೆ ತಂದೀತು, ಹೊಟ್ಟೆ ಭಾರವೆನಿಸೀತು, ಅಷ್ಟೆ. ಒಳಕೋಣೆಗೆ ಚಾಚಿದ ಗಡ್ಡೆಯಾದರೋ ಗೋಲಿಯಷ್ಟೇ ಇದ್ದರೂ ಬಲವಾದ ರಕ್ತಸ್ರಾವವನ್ನು ಉಂಟುಮಾಡೀತು, ಗರ್ಭ ನಿಲ್ಲದಂತೆಯೂ ಮಾಡೀತು.

ಇದು ಹೇಗೆಂಬುದನ್ನು ತಿಳಿಯಬೇಕಾದರೆ ಗರ್ಭ ನಿಲ್ಲುವ ಕ್ರಮವನ್ನು ನೆನೆಯಬೇಕು. ಗಂಡಿನ ಬೀಜವೂ ಹೆಣ್ಣಿನ ಅಂಡವೂ ಕೂಡುವುದು ಗರ್ಭಕೋಶದಲ್ಲಲ್ಲ, ಅದರ ಎರಡು ಮಗ್ಗುಲಿಗೂ ಇರುವ ಸಣ್ಣ ನಾಳಗಳಲ್ಲಿ. ಹಾಗೆ ಕೂಡಿದ ಪಿಂಡವು ಐದಾರು ದಿವಸಗಳ ತರುವಾಯ ಗರ್ಭಕೋಶಕ್ಕೆ ಇಳಿದು ಬಂದು ಒಳಪೊರೆಯಲ್ಲಿ ಬೇರೂರಬೇಕು. ಹದವಾದ ನೆಲದಲ್ಲಿ ಬೀಜ ಮೊಳೆಯುವಂತೆ, ಆ ಪೊರೆ ಹದವಾಗಿದ್ದರೆ ಮಾತ್ರ ಪಿಂಡವು ನಿಲ್ಲುತ್ತದೆ. ಒಳಕ್ಕೆ ಚಾಚಿದ ಗಡ್ಡೆಯು ಕೋಣೆಯ ಆಕಾರವನ್ನು ಕೆಡಿಸುವುದಲ್ಲದೆ, ತನ್ನ ಮೇಲಿನ ಪೊರೆಯ ಜೊತೆಗೆ ಸುತ್ತಲಿನ ಪೊರೆಯ ಹದವನ್ನೂ ಕೆಡಿಸುತ್ತದೆ. ಗರ್ಭಕೋಶದ ಗೋಡೆಯಲ್ಲಿ ಸದಾ ನಡೆಯುವ ಸೂಕ್ಷ್ಮವಾದ ಚಲನೆಯೂ ಏರುಪೇರಾಗುತ್ತದೆ. ನಾಳವು ಬಂದು ಸೇರುವ ಮೂಲೆಯಲ್ಲಿಯೇ ಗಡ್ಡೆ ಬೆಳೆದರೆ ದಾರಿಯೇ ಮುಚ್ಚಿಹೋಗಬಹುದು. ಇಷ್ಟಾದರೂ ಗರ್ಭ ನಿಂತಾಗ, ಮೊದಲ ತಿಂಗಳುಗಳಲ್ಲಿ ಇಳಿದುಹೋಗುವ ಭಯ ಉಂಟು.

ಗೋಡೆಯ ನಡುವಿನ ಗಡ್ಡೆಯ ವಿಷಯದಲ್ಲಿ ವೈದ್ಯರಲ್ಲಿಯೇ ಒಮ್ಮತವಿಲ್ಲ. ಅದು ದೊಡ್ಡದಾಗಿ ಒಳಕೋಣೆಯನ್ನು ಒತ್ತುತ್ತಿದ್ದರೆ ತೊಂದರೆಯೆಂದು ಎಲ್ಲರೂ ಒಪ್ಪುತ್ತಾರೆ. ಒಳಕೋಣೆಯನ್ನು ಮುಟ್ಟದಿರುವ ಗಡ್ಡೆಯೂ ಗರ್ಭಧಾರಣೆಯ ಸಂಭವವನ್ನು ಕೊಂಚ ತಗ್ಗಿಸೀತೆಂದು ಕೆಲವು ಪರಿಶೀಲನೆಗಳು ತೋರಿಸಿವೆ. ಆದರೆ ಅದನ್ನು ಕತ್ತರಿಸಿ ತೆಗೆದುದರಿಂದ ಹೆಚ್ಚು ಮಂದಿಗೆ ಮಕ್ಕಳಾದುವೆಂಬುದು ದೃಢಪಟ್ಟಿಲ್ಲ. ಇಂಥ ಗಡ್ಡೆಗೆ ಶಸ್ತ್ರಚಿಕಿತ್ಸೆಯ ಸಲಹೆ ಬಂದರೆ, ಇನ್ನೊಬ್ಬ ಡಾಕ್ಟರರ ಅಭಿಪ್ರಾಯವನ್ನೂ ಕೇಳಿ ಮುಂದುವರಿಯುವುದು ವಿವೇಕ.

ಗಡ್ಡೆ ಸಿಕ್ಕಿತೆಂದು ವಿಚಾರಣೆ ನಿಲ್ಲಬಾರದು

ಮಕ್ಕಳಿಲ್ಲವೆಂದು ಡಾಕ್ಟರರ ಬಳಿಗೆ ಬರುವ ಹೆಂಗಸರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ನಾರುಗಡ್ಡೆ ಇರುತ್ತದೆ. ಆದರೆ ಬೇರೆ ಯಾವ ಕಾರಣವೂ ಇಲ್ಲದೆ ಗಡ್ಡೆಯೊಂದೇ ಕಾರಣವಾಗಿರುವವರು ನೂರಕ್ಕೆ ಎರಡು ಮೂರರಷ್ಟೇ. ಹೀಗಿರಲು, ಗಡ್ಡೆ ಕಂಡಕೂಡಲೇ ‘ಕಳ್ಳ ಸಿಕ್ಕಿದ’ ಎಂದು ವಿಚಾರಣೆಯನ್ನು ಮುಗಿಸುವುದು ನ್ಯಾಯವಲ್ಲ. ನಿಜವಾದ ಕಳ್ಳ ಬೇರೆ ಕಡೆ ಇದ್ದಾನು.

ಇಲ್ಲಿ ಒಂದು ಮಾತನ್ನು ನಾವು ಮರೆಮಾಚದೆ ಹೇಳಬೇಕು. ಸಂತಾನವಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲಿಯೂ ಕಾರಣವಿರುತ್ತದೆ. ಗಂಡನ ವೀರ್ಯಪರೀಕ್ಷೆಗೆ ಕತ್ತರಿಯಿಲ್ಲ, ಸೂಜಿಯಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. ಆದರೂ ಹೆಂಡತಿಗೆ ಸಕಲ ಪರೀಕ್ಷೆಗಳನ್ನೂ ಮಾಡಿಸಿ, ಹೊಟ್ಟೆ ಕೊಯ್ಸುವವರೆಗೆ ಬಂದಮೇಲೂ ಗಂಡನ ಪರೀಕ್ಷೆಯಾಗದೆ ಉಳಿದ ಸಂಸಾರಗಳು ಇವೆ. ಇದು ಮರ್ಯಾದೆಯ ಪ್ರಶ್ನೆಯಲ್ಲ, ಲೆಕ್ಕಾಚಾರದ ಪ್ರಶ್ನೆ. ಸುಲಭವಾದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು ಆರು ಜನರಿಗೆ ಒಬ್ಬರು ಬಾಳಿನಲ್ಲಿ ಒಂದಲ್ಲ ಒಂದು ಕಾಲದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆ. ಇಷ್ಟು ಮಂದಿಗೆ ಬರುವ ತೊಂದರೆಗೆ ‘ಬಂಜೆ’ ಎಂಬ ಹೆಸರಿಟ್ಟು ಹೆಣ್ಣೊಬ್ಬಳ ತಲೆಗೆ ಕಟ್ಟುವುದು, ಆಕೆಯನ್ನು ಆರತಿ ಅಕ್ಷತೆಗಳಿಂದ ದೂರವಿಡುವುದು, ಅಜ್ಞಾನವೂ ಹೌದು, ಕ್ರೌರ್ಯವೂ ಹೌದು.

ಕಾಲವನ್ನೂ ಮರೆಯಬಾರದು. ಒಂದು ವರ್ಷ ಒಟ್ಟಿಗೆ ಬಾಳಿಯೂ ಗರ್ಭ ನಿಲ್ಲದಿದ್ದರೆ ದಂಪತಿಗಳಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಂಡತಿಗೆ ಮೂವತ್ತೈದು ವರ್ಷ ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. ಮುಟ್ಟಿನಲ್ಲಿ ಗಂಟೆ ಗಂಟೆಗೂ ಬಟ್ಟೆ ಬದಲಿಸುವ ಹಾಗಾಗುವುದು, ಹೆಪ್ಪುಗಟ್ಟಿದ ರಕ್ತ ಬೀಳುವುದು, ಏಳು ದಿವಸ ಮೀರಿ ಹರಿಯುವುದು, ಸೊಂಟ ಕಿಬ್ಬೊಟ್ಟೆಗಳಲ್ಲಿ ಭಾರವಾದ ನೋವು, ಇವುಗಳಲ್ಲಿ ಯಾವುದಿದ್ದರೂ ಮಕ್ಕಳ ಪ್ರಶ್ನೆ ಏಳುವವರೆಗೆ ಕಾಯಬೇಕಾಗಿಲ್ಲ. ಮದುವೆಯಾಗದ ಹುಡುಗಿಯಾದರೂ ಸರಿಯೆ, ತೋರಿಸಲೇಬೇಕು.

ಪರೀಕ್ಷೆಯ ವಿಧಾನ

ಒಂದು ಕಾಲದಲ್ಲಿ ಡಾಕ್ಟರರು ಕೈಯಿಂದ ಒತ್ತಿ ನೋಡಿ, ಊಹೆಯಿಂದಲೇ ನಿರ್ಣಯಿಸಬೇಕಾಗಿತ್ತು. ಆ ಕತ್ತಲನ್ನು ಹೋಗಲಾಡಿಸಿದುದು ಅಲ್ಟ್ರಾಸೌಂಡ್ ಸ್ಕ್ಯಾನು. ಇದರ ಹುಟ್ಟಿಗೂ ನಮ್ಮ ವಿಷಯಕ್ಕೂ ಒಂದು ಸ್ವಾರಸ್ಯವಾದ ನಂಟಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಿದ್ದರು. ಕಬ್ಬಿಣದ ಬಾಯ್ಲರುಗಳಲ್ಲಿ ಒಳಬಿರುಕು ಇದೆಯೇ ಎಂದು ಶಬ್ದತರಂಗಗಳಿಂದ ಕಂಡುಹಿಡಿಯುವ ಯಂತ್ರವು ಹತ್ತಿರದ ರೆನ್‌ಫ್ರೂ ಎಂಬಲ್ಲಿನ ಕಾರ್ಖಾನೆಯಲ್ಲಿತ್ತು. ೧೯೫೫ರ ಜುಲೈ ತಿಂಗಳಲ್ಲಿ ಡೊನಾಲ್ಡರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ನಾರುಗಡ್ಡೆಗಳನ್ನೂ ಅಂಡಾಶಯದ ನೀರುಗಡ್ಡೆಯನ್ನೂ ಕಾರುಗಳಲ್ಲಿ ಹಾಕಿಕೊಂಡು ಆ ಕಾರ್ಖಾನೆಗೆ ಹೋಗಿ ಯಂತ್ರದಲ್ಲಿ ಪರೀಕ್ಷಿಸಿದರು. ಗಟ್ಟಿ ಗಡ್ಡೆಗೂ ನೀರುಗಡ್ಡೆಗೂ ಪ್ರತಿಧ್ವನಿ ಬೇರೆಬೇರೆಯಾಗಿ ಬಂದಿತು. ಅವರೂ ಅವರ ಸಂಗಡಿಗರೂ ೧೯೫೮ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಣುವ ಸ್ಕ್ಯಾನಿಗೆ ಮೂಲ ಅದೇ.

ಸ್ಕ್ಯಾನಿನಿಂದ ಗಡ್ಡೆಗಳ ಸಂಖ್ಯೆಯೂ ಅಳತೆಯೂ ತಿಳಿಯುತ್ತವೆ. ಮಕ್ಕಳಾಗಬೇಕೆನ್ನುವವರಲ್ಲಿ ಒಳಕೋಣೆಯ ಸ್ಥಿತಿಯನ್ನು ಇನ್ನೂ ಸ್ಪಷ್ಟವಾಗಿ ತಿಳಿಯಬೇಕಾಗುತ್ತದೆ. ಅದಕ್ಕಾಗಿ ಗರ್ಭಕೋಶಕ್ಕೆ ಸ್ವಲ್ಪ ಉಪ್ಪುನೀರನ್ನು ಬಿಟ್ಟು ಸ್ಕ್ಯಾನು ಮಾಡುವುದುಂಟು. ಹಿಸ್ಟರೋಸ್ಕೋಪ್ ಎಂಬ ಸಣ್ಣ ದೀಪದ ನಳಿಕೆಯನ್ನು ಯೋನಿದ್ವಾರದಿಂದ ಒಳಕ್ಕೆ ಬಿಟ್ಟು ಕಣ್ಣಾರೆ ನೋಡುವುದೂ ಉಂಟು. ನಾಳಗಳು ತೆರೆದಿವೆಯೇ ಎಂದು ತಿಳಿಯಲು ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಗಡ್ಡೆಗಳು ಅನೇಕವಿದ್ದು ಶಸ್ತ್ರಚಿಕಿತ್ಸೆಯ ದಾರಿಯನ್ನು ಯೋಚಿಸಬೇಕಾದಾಗ ಎಂ.ಆರ್.ಐ. ಚಿತ್ರವು ಉಪಯೋಗಕ್ಕೆ ಬರುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಪ್ಪದೆ ನೋಡಿಸಬೇಕು. ಬಸುರಿಯಲ್ಲದ ಹೆಂಗಸಿಗೆ ಅದು ೧೨ ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆಯೆಂದೇ ಅರ್ಥ.

ಗಡ್ಡೆಯನ್ನು ತೆಗೆದು ಗರ್ಭಕೋಶವನ್ನು ಉಳಿಸುವುದು

‘ಗರ್ಭಕೋಶವನ್ನೇ ತೆಗೆಸಿಬಿಡಿ’ ಎಂಬ ಮೂರನೆಯ ಮಾತಿಗೆ ಈಗ ಬರೋಣ. ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ಶಸ್ತ್ರವೈದ್ಯರೂ ಇದೇ ಮಾತನ್ನು ಹೇಳುತ್ತಿದ್ದರು. ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆಯಲು ಹೋದರೆ ರಕ್ತ ವಿಪರೀತವಾಗಿ ಹೋಗುತ್ತಿತ್ತು. ಚೀಲವನ್ನೇ ತೆಗೆಯುವುದು ಅವರಿಗೆ ಸುಲಭವಾಗಿತ್ತು. ಈ ಪದ್ಧತಿಗೆ ಎದುರಾಗಿ ನಿಂತವರಲ್ಲಿ ಲಂಡನ್ನಿನ ವಿಕ್ಟರ್ ಬಾನಿ ಎಂಬ ಶಸ್ತ್ರವೈದ್ಯರು ಅಗ್ರಗಣ್ಯರು. ಅವರ ಪತ್ನಿಗೆ ತಾರುಣ್ಯದಲ್ಲಿಯೇ ನಾರುಗಡ್ಡೆಯ ಕಾರಣದಿಂದ ಗರ್ಭಕೋಶವನ್ನು ತೆಗೆಯಲಾಗಿತ್ತು. ಆ ದಂಪತಿಗಳಿಗೆ ಮಕ್ಕಳಾಗಲಿಲ್ಲ. ತಮ್ಮ ಮನೆಗೆ ಬಂದ ನಷ್ಟವು ಬೇರೆ ಮನೆಗಳಿಗೆ ಬಾರದಿರಲೆಂದೋ ಎಂಬಂತೆ ಬಾನಿಯವರು ಗಡ್ಡೆಯನ್ನು ಮಾತ್ರ ತೆಗೆದು ಗರ್ಭಕೋಶವನ್ನು ಉಳಿಸುವ ಶಸ್ತ್ರಚಿಕಿತ್ಸೆಯನ್ನು ತಿದ್ದಿ ತೀಡಿದರು. ರಕ್ತನಾಳಗಳನ್ನು ಅಷ್ಟು ಹೊತ್ತು ಅದುಮಿ ಹಿಡಿಯುವ ಒಂದು ಇಕ್ಕುಳವನ್ನು ಅವರು ರಚಿಸಿದರು. ಅದಕ್ಕೆ ಇಂದಿಗೂ ಅವರದೇ ಹೆಸರು. ಏಳುನೂರಕ್ಕೂ ಹೆಚ್ಚು ಹೆಂಗಸರಿಗೆ ಅವರು ಈ ಚಿಕಿತ್ಸೆ ಮಾಡಿದರು. ಒಬ್ಬಾಕೆಯ ಗರ್ಭಕೋಶದಿಂದ ೨೨೫ ಗಡ್ಡೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆದು, ಗರ್ಭಕೋಶವನ್ನು ಮತ್ತೆ ಹೊಲಿದು ಉಳಿಸಿದರೆಂಬುದು ಪ್ರಸಿದ್ಧವಾಗಿದೆ. ಈ ಚಿಕಿತ್ಸೆಗೆ ಮಯೋಮೆಕ್ಟಮಿ ಎಂದು ಹೆಸರು.

ಇಂದು ಈ ಚಿಕಿತ್ಸೆಗೆ ಮೂರು ದಾರಿಗಳಿವೆ. ಒಳಕೋಣೆಗೆ ಚಾಚಿದ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಮೇಲೆ ಹೇಳಿದ ದೀಪದ ನಳಿಕೆಯ ಮೂಲಕವೇ ಕತ್ತರಿಸಿ ತೆಗೆಯಬಹುದು. ೧೯೭೬ರಲ್ಲಿ ಅಮೆರಿಕದ ರಾಬರ್ಟ್ ನ್ಯೂವಿರ್ತ್ ಎಂಬ ವೈದ್ಯರು ಈ ವಿಧಾನವನ್ನು ಪ್ರಕಟಿಸಿದರು. ಇದಾದಮೇಲೆ ಹೊಟ್ಟೆಯ ಮೇಲೆ ಗಾಯವಿರುವುದಿಲ್ಲ. ಸಾಮಾನ್ಯವಾಗಿ ಅಂದೇ ಇಲ್ಲವೆ ಮಾರನೆಯ ದಿವಸ ಮನೆಗೆ ಬರಬಹುದು. ಸಂತಾನಕ್ಕೆ ಹೆಚ್ಚು ಅಡ್ಡಿ ಮಾಡುವ ಗಡ್ಡೆಯೇ ಹೀಗೆ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವಂಥದಾಗಿರುವುದು ನಮ್ಮ ಅದೃಷ್ಟವೆನ್ನಬೇಕು. ಇತರ ಕಡೆಯ ಗಡ್ಡೆಗಳನ್ನು, ಅವು ಮಿತವಾಗಿದ್ದರೆ, ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ ಲ್ಯಾಪರೋಸ್ಕೋಪಿನ ಸಹಾಯದಿಂದ ತೆಗೆಯುತ್ತಾರೆ. ಬಹಳ ದೊಡ್ಡವೋ ಬಹಳವೋ ಇದ್ದರೆ ಹೊಟ್ಟೆಯನ್ನು ತೆರೆದೇ ತೆಗೆಯಬೇಕಾಗುತ್ತದೆ.

ಗುಣಗಳನ್ನು ಹೇಳಿದಂತೆ ದೋಷಗಳನ್ನೂ ಹೇಳಬೇಕಷ್ಟೆ. ಚಿಕಿತ್ಸೆಯಲ್ಲಿ ರಕ್ತ ಕೊಡಬೇಕಾಗಿ ಬರಬಹುದು. ವಾಸಿಯಾಗುವಾಗ ಕರುಳಿಗೂ ನಾಳಗಳಿಗೂ ಅಂಟುಗಳು ಹುಟ್ಟಿ, ಅವೇ ಗರ್ಭಧಾರಣೆಗೆ ಅಡ್ಡಿಯಾಗಬಹುದು. ಅಗತ್ಯವಿಲ್ಲದ ಗಡ್ಡೆಗೆ ಕೈಹಾಕಬಾರದೆಂಬುದಕ್ಕೆ ಇದೇ ಕಾರಣ. ಕೆಲವರಲ್ಲಿ ವರ್ಷಗಳ ಮೇಲೆ ಹೊಸ ಗಡ್ಡೆಗಳು ಏಳುತ್ತವೆ. ಗೋಡೆಯನ್ನು ಆಳವಾಗಿ ಕೊಯ್ದು ಹೊಲಿದಿದ್ದರೆ, ಹೊಲಿಗೆ ಬಲಿಯುವವರೆಗೆ ಮೂರರಿಂದ ಆರು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕೆಂದು ಡಾಕ್ಟರರು ಹೇಳುತ್ತಾರೆ. ಹೆರಿಗೆಯ ನೋವಿನಲ್ಲಿ ಆ ಹೊಲಿಗೆ ಬಿರಿಯುವ ಅಪಾಯ ಅಪರೂಪವಾದರೂ ಇಲ್ಲದಿಲ್ಲ. ಆದುದರಿಂದ ಅಂಥವರಿಗೆ ಸಿಸೇರಿಯನ್ ಹೆರಿಗೆಯನ್ನು ಸೂಚಿಸುವುದುಂಟು. ತಮಗೆ ಮಾಡಿದ ಶಸ್ತ್ರಚಿಕಿತ್ಸೆಯ ಕಾಗದಗಳನ್ನು ಹೆಂಗಸರು ಜೋಪಾನವಾಗಿ ಇಟ್ಟುಕೊಂಡಿರಬೇಕು. ಮುಂದೆ ಹೆರಿಗೆ ಮಾಡಿಸುವ ಡಾಕ್ಟರರಿಗೆ ಅವು ಬಹು ಮುಖ್ಯ.

ಔಷಧಗಳ ವಿಷಯ

ಗಡ್ಡೆಯನ್ನು ಮಾತ್ರೆಯಿಂದ ಕರಗಿಸಿಬಿಡಲಾಗದೆ ಎಂದು ಅನೇಕರು ಕೇಳುತ್ತಾರೆ. ಶಾಶ್ವತವಾಗಿ ಕರಗಿಸುವ ಔಷಧವು ಇನ್ನೂ ಬಂದಿಲ್ಲ. ಕೆಲವು ಚುಚ್ಚುಮದ್ದುಗಳೂ ಮಾತ್ರೆಗಳೂ ಮೇಲೆ ಹೇಳಿದ ರಸಗಳನ್ನು ತಡೆದು ಗಡ್ಡೆಯನ್ನು ಕುಗ್ಗಿಸುತ್ತವೆ. ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಅವುಗಳನ್ನು ಸೇವಿಸುವಷ್ಟು ಕಾಲವೂ ಗರ್ಭ ನಿಲ್ಲಲಾರದು. ಆದಕಾರಣ ಮಕ್ಕಳು ಬೇಕೆನ್ನುವವರಿಗೆ ಇವು ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ತಿಂಗಳು ರಕ್ತಸ್ರಾವವನ್ನು ನಿಲ್ಲಿಸಿ ಮೈಯಲ್ಲಿ ರಕ್ತ ತುಂಬಿಕೊಳ್ಳುವುದಕ್ಕೆ ಮಾತ್ರ ಪ್ರಯೋಜನಕಾರಿ. ಯೂಲಿಪ್ರಿಸ್ಟಲ್ ಎಂಬ ಮಾತ್ರೆಯಿಂದ ಕೆಲವರ ಪಿತ್ತಜನಕಾಂಗಕ್ಕೆ ತೀವ್ರವಾದ ಹಾನಿಯಾದುದರಿಂದ, ೨೦೨೦ರಲ್ಲಿ ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಗಡ್ಡೆಗಾಗಿ ಅದರ ಬಳಕೆಯನ್ನು ಮಿತಿಗೊಳಿಸಬೇಕೆಂದು ಸೂಚಿಸಿತು. ಯಾವ ಮಾತ್ರೆಯನ್ನೂ ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚಿ ಅದನ್ನು ಸೊರಗಿಸುವ ಇನ್ನೊಂದು ಚಿಕಿತ್ಸೆಯನ್ನು ಪ್ಯಾರಿಸ್ಸಿನ ವೈದ್ಯರು ೧೯೯೫ರಲ್ಲಿ ಪ್ರಕಟಿಸಿದರು. ಆದರೆ ಮುಂದೆ ಮಕ್ಕಳಾಗಬೇಕೆನ್ನುವವರಿಗೆ ಅದನ್ನು ಮೊದಲ ಆಯ್ಕೆಯಾಗಿ ಸಾಮಾನ್ಯವಾಗಿ ಹೇಳುವುದಿಲ್ಲ.

ಮುಟ್ಟಿನ ರಕ್ತವನ್ನು ಮಾತ್ರ ತಗ್ಗಿಸಲು ಟ್ರಾನೆಕ್ಸಾಮಿಕ್ ಆಮ್ಲವೆಂಬ ಮಾತ್ರೆಯನ್ನು ಆ ಕೆಲವು ದಿವಸಗಳಲ್ಲಿ ಕೊಡುತ್ತಾರೆ. ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೋ ಒಕಾಮೋಟೋ ಎಂಬ ಮಹಿಳೆ ಮತ್ತು ಅವರ ಪತಿ. ೧೯೬೨ರಲ್ಲಿ ಇದು ಪ್ರಕಟವಾಯಿತು. ಬಾಣಂತಿಯರು ರಕ್ತ ಹೋಗಿ ಸಾಯುವುದನ್ನು ತಪ್ಪಿಸಬೇಕೆಂಬುದು ಆ ಮಹಿಳೆಯ ಹಂಬಲವಾಗಿತ್ತು. ಇದು ಗಡ್ಡೆಯನ್ನು ಕುಗ್ಗಿಸುವುದಿಲ್ಲ, ರಕ್ತವನ್ನು ಉಳಿಸುತ್ತದೆ.

ರಕ್ತದ ಮಾತು ಬಂದುದರಿಂದ ಅಡಿಗೆಮನೆಯ ಮಾತನ್ನೂ ಸೇರಿಸುತ್ತೇವೆ. ಕಷಾಯ, ಪಥ್ಯ, ಉಪವಾಸಗಳಿಂದ ಗಡ್ಡೆ ಕರಗಿತೆಂಬುದಕ್ಕೆ ಆಧಾರವಿಲ್ಲ. ಆದರೆ ಹೋದ ರಕ್ತವನ್ನು ತುಂಬಿಕೊಳ್ಳುವುದಕ್ಕೆ ಊಟ ಬೇಕೇ ಬೇಕು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೪೭.೮ ಮಂದಿ ರಕ್ತಹೀನರು. ಸೊಪ್ಪು, ಕಾಳು, ಎಳ್ಳು, ಮಾಂಸಾಹಾರಿಗಳಿಗೆ ಮೀನು ಮಾಂಸ, ಇವುಗಳ ಜೊತೆಗೆ ನಿಂಬೆ ನೆಲ್ಲಿಗಳ ಹುಳಿ ಸೇರಿದರೆ ಕಬ್ಬಿಣದ ಸತ್ತ್ವ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ ಟೀ ಕುಡಿದರೆ ಅದು ವ್ಯರ್ಥ. ರಕ್ತ ತೀರ ಕಡಿಮೆಯಾಗಿದ್ದರೆ ಊಟವೊಂದೇ ಸಾಲದು. ಕಬ್ಬಿಣದ ಮಾತ್ರೆಯನ್ನೋ ಚುಚ್ಚುಮದ್ದನ್ನೋ ಡಾಕ್ಟರರು ಹೇಳಿದಂತೆ ತೆಗೆದುಕೊಳ್ಳಬೇಕು.

ಗಡ್ಡೆಯಿರುವಾಗಲೇ ಗರ್ಭ ನಿಂತರೆ ಹೆದರಬೇಕಾಗಿಲ್ಲ. ಬಹುಪಾಲು ಮಂದಿಗೆ ಹೆರಿಗೆ ಸುಸೂತ್ರವಾಗಿಯೇ ಆಗುತ್ತದೆ. ಕೆಲವರಿಗೆ ನಡುವಿನ ತಿಂಗಳುಗಳಲ್ಲಿ ಗಡ್ಡೆಗೆ ರಕ್ತ ಸಾಲದೆ ತೀವ್ರವಾದ ನೋವು ಬರುವುದುಂಟು. ವಿಶ್ರಾಂತಿಯಿಂದಲೂ ನೋವಿನ ಔಷಧದಿಂದಲೂ ಅದು ಸಾಮಾನ್ಯವಾಗಿ ಶಮನವಾಗುತ್ತದೆ. ಮಗು ಅಡ್ಡಲಾಗಿ ನಿಲ್ಲುವುದು, ಹೆರಿಗೆಯ ಮೇಲೆ ರಕ್ತ ಹೆಚ್ಚಾಗಿ ಹೋಗುವುದು ಮುಂತಾದ ಸಂಭವಗಳಿರುವುದರಿಂದ ಇಂಥವರ ಹೆರಿಗೆ ಸೌಕರ್ಯವುಳ್ಳ ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು.

ಅವಸರದ ಕತ್ತರಿ

ಇಷ್ಟೆಲ್ಲ ದಾರಿಗಳಿದ್ದರೂ ಗರ್ಭಕೋಶವನ್ನೇ ತೆಗೆಯುವ ಅವಸರವು ನಮ್ಮ ದೇಶದಲ್ಲಿ ತಪ್ಪಿಲ್ಲ. ಬಡವರೂ ಓದುಬರಹವಿಲ್ಲದವರೂ ಇದಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ. ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೇ ತಾಂಡಾಗಳ ಅನೇಕ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶವನ್ನು ತೆಗೆಯಲಾಯಿತೆಂಬ ದೂರು ೨೦೧೫ರ ಸುಮಾರಿಗೆ ದೊಡ್ಡದಾಗಿ ಎದ್ದು, ಆ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಬೇಕಾಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆಯು ೨೦೧೯ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಡಾಕ್ಟರ್ ನರೇಂದ್ರ ಗುಪ್ತರೆಂಬುವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೩ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, ಅನಗತ್ಯ ಶಸ್ತ್ರಚಿಕಿತ್ಸೆಯನ್ನು ತಡೆಯುವ ಕೇಂದ್ರಸರಕಾರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗಾಗಿ ಅಂಗೀಕರಿಸಬೇಕೆಂದು ವಿಧಿಸಿತು.

ಗರ್ಭಕೋಶವನ್ನು ತೆಗೆಯುವುದು ಎಂದಿಗೂ ತಪ್ಪೆಂದು ನಾವು ಹೇಳುತ್ತಿಲ್ಲ. ಮಕ್ಕಳ ಅಪೇಕ್ಷೆ ತೀರಿದ, ಬೇರೆ ಚಿಕಿತ್ಸೆಗೆ ಬಗ್ಗದ ರಕ್ತಸ್ರಾವದಿಂದ ಬಳಲುವ ಹೆಂಗಸಿಗೆ ಅದು ದೊಡ್ಡ ಉಪಕಾರವಾದೀತು. ಆದರೆ ಆ ನಿರ್ಧಾರವು ಆಕೆಯದಾಗಿರಬೇಕು, ತಿಳಿದು ಮಾಡಿದುದಾಗಿರಬೇಕು. ಅತ್ತೆಯವರಾಗಲಿ ಗಂಡನಾಗಲಿ ಆಕೆಯ ಪರವಾಗಿ ಕಾಗದಕ್ಕೆ ಒಪ್ಪಿಗೆ ಹಾಕುವ ವಿಷಯವಲ್ಲ ಇದು.

ಆದುದರಿಂದ ಗಡ್ಡೆಯಿದೆಯೆಂದು ತಿಳಿದ ದಿವಸ ಡಾಕ್ಟರರನ್ನು ಕೇಳಬೇಕಾದ ಪ್ರಶ್ನೆಗಳು ಇವು. ಗಡ್ಡೆಗಳು ಎಷ್ಟು? ಎಲ್ಲಿವೆ? ಒಳಕೋಣೆಯನ್ನು ಒತ್ತುತ್ತಿವೆಯೆ? ನಾಳಗಳು ತೆರೆದಿವೆಯೆ? ಯಜಮಾನರ ಪರೀಕ್ಷೆಯಾಗಿದೆಯೆ? ತೆಗೆಯದೆ ಸುಮ್ಮನಿದ್ದರೆ ಏನಾಗುತ್ತದೆ? ತೆಗೆಯುವುದಾದರೆ ಗರ್ಭಕೋಶವನ್ನು ಉಳಿಸಿ ತೆಗೆಯಬಹುದೆ? ಈ ಏಳು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಯಾವ ಒಳ್ಳೆಯ ಡಾಕ್ಟರರೂ ಬೇಸರಪಡುವುದಿಲ್ಲ.

ಜೊತೆಗೆ ಗಂಡನೂ ಹೋಗಲಿ. ಆಕೆಯೊಬ್ಬಳೇ ಬೆಂಚಿನ ಮೇಲೆ ಕುಳಿತು ಹೆಸರು ಕೂಗುವುದನ್ನು ಕಾಯುವಂತೆ ಆಗಬಾರದು. ಮನೆಯ ಹಿರಿಯರು ಆಕೆ ಹಿಂತಿರುಗಿದಾಗ ‘ಏನೆಂದರು?’ ಎಂದು ಕೇಳುವ ಮೊದಲು ‘ಊಟಮಾಡಮ್ಮ’ ಎನ್ನಲಿ. ಚಿಕಿತ್ಸೆ ಫಲಿಸಿ ಮಗುವಾದರೆ ಸಂತೋಷ. ಆಗದಿದ್ದರೂ ಆಕೆ ಆ ಮನೆಗೆ ಮಗಳೇ. ಗಡ್ಡೆಯನ್ನು ತೆಗೆಯುವುದು ಡಾಕ್ಟರರ ಕೆಲಸ. ಮನಸ್ಸಿನ ಭಾರವನ್ನು ಇಳಿಸುವುದು ಮನೆಯವರ ಕೆಲಸ.